ಅಗಸಿ ಬಾಗಿಲಿನ ಎರಡು ಮಗ್ಗುಲು

ಕಾದಂಬರಿಯಲ್ಲಿ ಫಕೀರವ್ವ ತನ್ನ ತಂಗಿಯ ಮುಖದೆದುರೇ ಊರಿನ ಅಗಸಿ ಬಾಗಿಲು ಹಾಕುವುದು ಒಂದೂವರೆ ಪುಟದ ಸಂಗತಿ. ಪ್ಲೇಗಿನ ಕಾಲ. ಸುತ್ತಲಿನ ಊರುಗಳಲ್ಲಿ ಇಲಿ ಬೀಳುತ್ತಿವೆ, ಹೆಣ ಬೀಳುತ್ತಿವೆ, ಈ ಊರಿಗೆ ಮಾತ್ರ ಇನ್ನೂ ಬಂದಿಲ್ಲ. ಹೊರಗಿನವರನ್ನು ಒಳಗೆ ಬಿಡಕೂಡದೆಂದು ಹಿರಿಯರು ಕಟ್ಟು ಮಾಡಿದ್ದಾರೆ. ಅಗಸಿ ಕಾಯುತ್ತಿದ್ದ ಗಂಡ ಸತ್ತ ಮೇಲೆ ಕೀಲಿಕೈ ಫಕೀರವ್ವನ ಸೊಂಟಕ್ಕೆ ಬಂದಿದೆ. ಒಂದು ಸಂಜೆ ಕೂಸನ್ನು ಬಗಲಿಗೆ ಕಟ್ಟಿಕೊಂಡು ತಂಗಿ ಬರುತ್ತಾಳೆ. ಮೈಮೇಲೆ ಪ್ಲೇಗಿನ ಗಂಟಿಲ್ಲ, ಜ್ವರವೂ ಇದ್ದಂತಿಲ್ಲ. ಫಕೀರವ್ವ ಅವಳನ್ನು ನೋಡುತ್ತಾಳೆ. ಅಗಳಿ ಹಾಕುತ್ತಾಳೆ. ಬೆಳಗಾದಾಗ ತಂಗಿ ಅಲ್ಲಿಲ್ಲ. ನಾಲ್ಕು ದಿನದ ಮೇಲೆ ಹಳ್ಳದ ದಂಡೆಯಲ್ಲಿ ಸತ್ತ ಸುದ್ದಿ ಬರುತ್ತದೆ. ಕೂಸಿನ ಸುದ್ದಿ ಬರುವುದೇ ಇಲ್ಲ. ಊರು ಉಳಿಯುತ್ತದೆ. ಅಕ್ಕತಂಗಿಯರಿಬ್ಬರಿಗೂ ಸೇರಬೇಕಿದ್ದ ಅಪ್ಪನ ಮನೆ ಅಕ್ಕನೊಬ್ಬಳಿಗೇ ಉಳಿಯುತ್ತದೆ. ಅಧ್ಯಾಯದ ಕೊನೆಗೆ ಲೇಖಕರು ಒಂದೇ ವಾಕ್ಯ ಬರೆದು ಕೈ ತೊಳೆದುಕೊಂಡಿದ್ದಾರೆ: ಮುಂದಿನ ಯುಗಾದಿಗೆ ಫಕೀರವ್ವ ಆ ಮನೆಗೆ ಸುಣ್ಣ ಹೊಡೆಸಿದಳು.

ಆ ಸುಣ್ಣದ ವಾಕ್ಯವನ್ನು ರಂಗದ ಮೇಲೆ ತರುವುದು ಹೇಗೆ ಎಂಬ ಪ್ರಶ್ನೆ ನನ್ನ ನಾಲ್ಕು ತಿಂಗಳನ್ನು ತಿಂದಿತು.

ನಾನು ಹಾನಗಲ್ಲಿನ ಪ್ರೌಢಶಾಲೆಯೊಂದರಲ್ಲಿ ನಾಟಕ ಶಿಕ್ಷಕಿ. ಸಾಹಿತ್ಯ ಪ್ರೇಮಿಯೊಬ್ಬರ ನೆನಪಿಗೆಂದು ಅವರ ಮಗ ನಡೆಸುವ ಟ್ರಸ್ಟೊಂದು, ಹಳೆಯ ಕಾದಂಬರಿಯೊಂದನ್ನು ನಾಟಕ ಮಾಡಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಆಡಿಸಿ ಎಂದು ನನ್ನನ್ನು ಕೇಳಿತು. ಕಾದಂಬರಿಯನ್ನು ಆರಿಸಿದವಳು ನಾನೇ. ಟ್ರಸ್ಟಿನ ಕಾರ್ಯದರ್ಶಿ, ಅಂದರೆ ಆ ಮಗ, ನಿವೃತ್ತ ವಕೀಲರು. ಪುಸ್ತಕದ ಹೆಸರು ಕೇಳಿ, "ನಮ್ಮ ಅಪ್ಪಗ ಭಾಳ ಸೇರಿದ್ದ ಪುಸ್ತಕರಿ ಅದು. ಹೂಂ ಅನ್ರಿ," ಎಂದು ಸಂತೋಷಪಟ್ಟರು. ಅವರು ಅದನ್ನು ಓದಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಈ ಕಾದಂಬರಿ ನನಗಿಂತ ಮೊದಲೇ ಎರಡು ಸಲ ರಂಗಕ್ಕೆ ಬಂದಿತ್ತು. ಒಂದು, ಬಹಳ ಹಿಂದೆ ಕಂಪನಿಯವರು ಆಡಿದ್ದು. ಇನ್ನೊಂದು, ಹಂಸಭಾವಿ ಕಡೆಯ ಮಾಸ್ತರರು ಸೇರಿ ಆಡಿದ್ದು. ಮೂರನೆಯದನ್ನು ಬರೆಯುವ ಮುಂಚೆ ಆ ಇಬ್ಬರೂ ಫಕೀರವ್ವನನ್ನು ಏನು ಮಾಡಿದರು ಎಂದು ತಿಳಿಯಬೇಕಿತ್ತು. ಮಾಸ್ತರರ ನಾಟಕದ ಪ್ರತಿ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಸುಲಭವಾಗಿ ಸಿಕ್ಕಿತು. ಅಕ್ಷರ ಮಾಸಿದ ಸೈಕ್ಲೋಸ್ಟೈಲ್ ಹಾಳೆಗಳು. ಕಂಪನಿ ನಾಟಕದ ಪ್ರತಿ ಹುಡುಕಿಕೊಂಡು ಸವಣೂರಿಗೆ ಹೋದೆ. ಅಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರೊಬ್ಬರಿದ್ದರು. ಹರೆಯದಲ್ಲಿ ಆ ಕಂಪನಿಯ ಜೊತೆ ತಿರುಗಿದವರು. ಹಾಡಿದ್ದಾಗ ಪೇಟಿ ನುಡಿಸುವುದು, ಮಾತಿದ್ದಾಗ ಪರದೆಯ ಹಿಂದೆ ನಿಂತು ನಟರಿಗೆ ಸಾಲು ಎತ್ತಿಕೊಡುವುದು, ಎರಡೂ ಅವರದೇ. ಎಲೆ ಅಂಗಡಿಗಳ ಓಣಿಯಲ್ಲಿ ಮನೆ. ಟ್ರಂಕಿನಿಂದ ಬಟ್ಟೆ ಸುತ್ತಿದ ಪುಸ್ತಕ ತೆಗೆದು ನನ್ನ ಮುಂದಿಟ್ಟರು.

"ಬುಕ್ಕಿನಾಗ ಆಕಿ ಸುಮ್ಮ ಇರ್ತಾಳ್ರಿ ಅಕ್ಕೋರ," ಎಂದರು. "ಸ್ಟೇಜಿನ ಮ್ಯಾಲ ಸುಮ್ಮ ನಿಂತ್ರ ಜನ ಕೆಮ್ಮತಾರ. ಮಾಲಕರು ಅದಕ್ಕ ಆಕಿಗೆ ಮಾತು ಹಾಕಿದ್ರು."

ಮಾತು ಎಂದರೆ ಎಂಥ ಮಾತು! ಕಾದಂಬರಿಯ ಅಗಸಿಯಲ್ಲಿ ತಂಗಿಯನ್ನು ಹಿಂದಕ್ಕೆ ಕಳಿಸಲು ಫಕೀರವ್ವ ಆಡುವುದು ಎರಡೇ ಶಬ್ದ: "ಹೊಳ್ಳಿ ಹೋಗು." ಕಂಪನಿ ನಾಟಕದಲ್ಲಿ ನಲವತ್ತೊಂದು ಸಾಲು. "ಅಪ್ಪನ ಮನೆಯ ಅರ್ಧ ಕೇಳಲು ಬಂದೆಯಾ, ಅಂಗಳದ ಧೂಳೂ ನಿನಗಿಲ್ಲ" ಎಂದು ಶುರುವಾಗಿ ಅಟ್ಟಹಾಸದಲ್ಲಿ ಮುಗಿಯುತ್ತದೆ. ಕೊನೆಯ ಅಂಕದಲ್ಲಿ ಹುಚ್ಚು ಹಿಡಿದು ಅದೇ ಬಾಗಿಲಿಗೆ ತಲೆ ಚಚ್ಚಿಕೊಂಡು ಸಾಯುತ್ತಾಳೆ. ಮಾಸ್ತರರ ನಾಟಕ ತದ್ವಿರುದ್ಧ. ಅಲ್ಲಿ ತಂಗಿಗೆ ಮೊದಲೇ ಗಂಟು ಎದ್ದಿದೆ, ಹಾಗಾಗಿ ಬಾಗಿಲು ಹಾಕದೆ ಗತ್ಯಂತರವಿಲ್ಲ. ಫಕೀರವ್ವ ಎರಡೂವರೆ ಪುಟ ಅತ್ತು, "ಈ ಊರೇ ನನ್ನ ತಂಗಿ" ಎಂದು ಅಗಳಿ ಹಾಕುತ್ತಾಳೆ. ಊರವರು ಮಾಲೆ ಹಾಕುತ್ತಾರೆ. ಅಪ್ಪನ ಮನೆಯನ್ನು ಶಾಲೆಗೆ ದಾನ ಮಾಡುತ್ತಾಳೆ. ಬರೆದವರು ಮಾಸ್ತರರಲ್ಲವೇ.

ಉದ್ದನೆಯ ನೋಟುಪುಸ್ತಕದಲ್ಲಿ ಮೂರು ಕಾಲಮು ಎಳೆದು ಮೂರನ್ನೂ ಪಕ್ಕಪಕ್ಕ ಬರೆಯುತ್ತ ಹೋದೆ. ಅವಳು ಏನು ನೋಡುತ್ತಾಳೆ, ಏನು ಹೇಳುತ್ತಾಳೆ, ಕೈ ಎಲ್ಲಿದೆ, ಉಳಿದವರು ಎಲ್ಲಿದ್ದಾರೆ. ಹದಿನೈದು ದಿನ ಹೀಗೆ ಬರೆದರೂ, ಕಂಪನಿಯವರು ಅವಳನ್ನು ರಾಕ್ಷಸಿ ಮಾಡಿದರು, ಮಾಸ್ತರರು ದೇವತೆ ಮಾಡಿದರು ಎಂಬುದರ ಆಚೆ ಏನೂ ಹೊಳೆಯಲಿಲ್ಲ. ಅಷ್ಟನ್ನು ಹೇಳಲು ಕಾಲಮು ಎಳೆಯಬೇಕಿರಲಿಲ್ಲ.

ಹೊಳೆದದ್ದು ರಂಗಸೂಚನೆಗಳನ್ನು ಬರೆದುಕೊಳ್ಳುವಾಗ. ಕಂಪನಿ ನಾಟಕದಲ್ಲಿ ಬಾಗಿಲು ರಂಗದ ಹಿಂಭಾಗದಲ್ಲಿದೆ, ತಂಗಿ ಅದರ ಈಚೆ, ಪ್ರೇಕ್ಷಕರ ಕಡೆ ಇದ್ದಾಳೆ. ಅಂದರೆ ಪ್ರೇಕ್ಷಕರೂ ಊರ ಹೊರಗೇ ಕೂತಿದ್ದಾರೆ. ಬಾಗಿಲು ಮುಚ್ಚುವುದು ಅವರ ಮುಖದ ಮೇಲೆ. ಸಿಟ್ಟು ಬರದೆ ಏನಾಗುತ್ತದೆ? ಮಾಸ್ತರರ ನಾಟಕದಲ್ಲಿ ಪ್ರೇಕ್ಷಕರು ಊರ ಒಳಗಿದ್ದಾರೆ, ಫಕೀರವ್ವನ ಜೊತೆ. ತಂಗಿಯ ದನಿ ಮಾತ್ರ ಹೊರಗಿನಿಂದ ಕೇಳುತ್ತದೆ, ಮುಖ ಕಾಣುವುದೇ ಇಲ್ಲ. ಬಾಗಿಲು ಮುಚ್ಚಿದರೆ ಸದ್ಯ ಬದುಕಿದೆವು ಎನ್ನಿಸದೆ ಇರುತ್ತದೆಯೇ? ಅವಳು ಒಳ್ಳೆಯವಳೋ ಕೆಟ್ಟವಳೋ ಎನ್ನುವುದನ್ನು ಅವಳು ಬಾಯಿ ತೆರೆಯುವ ಮುಂಚೆಯೇ ಬಾಗಿಲು ನಿಲ್ಲಿಸಿದ ಬಡಿಗ ತೀರ್ಮಾನಿಸಿಬಿಟ್ಟಿದ್ದ. ಕಾದಂಬರಿಕಾರರಿಗೆ ಬಾಗಿಲು ನಿಲ್ಲಿಸುವ ತೊಂದರೆ ಇರಲಿಲ್ಲ. ಅವರು ಒಂದು ವಾಕ್ಯ ಒಳಗಿನಿಂದ ಬರೆದಿದ್ದಾರೆ, ಮುಂದಿನದು ಹೊರಗಿನಿಂದ.

ಪೇಟಿ ಮಾಸ್ತರರ ಪ್ರತಿಯಲ್ಲಿ ಇನ್ನೊಂದು ಸಂಗತಿಯಿತ್ತು. ಅಟ್ಟಹಾಸದ ಜಾಗದಲ್ಲಿ ಅಂಚಿಗೆ ಪೆನ್ಸಿಲಿನಿಂದ "ಬೆನ್ನು ಜನಕ್ಕೆ" ಎಂದು ಬರೆದಿತ್ತು. ಏನಿದು ಎಂದು ಕೇಳಿದೆ.

"ಆ ಪಾರ್ಟು ಮಾಡ್ತಿದ್ದ ಹೆಣ್ಮಗಳಿಗೆ, ನಮ್ಮ ಬಾಯಿಗೆ, ನಗೂದು ಬ್ಯಾಡಾಗಿತ್ತುರಿ," ಎಂದರು. "ತಂಗಿನ್ನ ಹೊರಗ ಹಾಕಿ ಯಾವ ಹೆಂಗಸು ನಗ್ತಾಳ ಅಂತ ಮಾಲಕರ ಕೂಡ ಜಗಳಾ ತಗದ್ಲು. ಅವರು ಕೇಳಲಿಲ್ಲ. ಆಕಿ ಏನ ಮಾಡಿದ್ಲು, ಬಾಗಲಾ ಹಾಕೂಕಿಂತ ಮೊದಲ ಜನಕ್ಕ ಬೆನ್ನ ಮಾಡಿ ನಿಂತು ನಕ್ಕಳು. ಮಾರಿ ಯಾರಿಗೂ ತೋರಿಸಲಿಲ್ಲ. ನಕ್ಕಳೋ ಅತ್ತಳೋ ನನಗೂ ತಿಳೀಲಿಲ್ರಿ. ನಾ ಮಗ್ಗಲದಾಗ ಇದ್ದೆ."

ಆ ಹೆಂಗಸನ್ನು ನಾನು ನೋಡಿಲ್ಲ. ಆದರೆ ಆವತ್ತು ಬಸ್ಸಿನಲ್ಲಿ ವಾಪಸು ಬರುವಾಗ, ಮಾಲಕರು ಕೊಟ್ಟ ನಗುವನ್ನು ಬೆನ್ನಿನಿಂದ ತಿರಸ್ಕರಿಸಿದ ಆಕೆಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ನನ್ನ ಬಾಗಿಲು ಎಲ್ಲಿ ನಿಲ್ಲಬೇಕೆಂದೂ ಆವಾಗಲೇ ಗೊತ್ತಾಯಿತು. ರಂಗದ ನಟ್ಟನಡುವೆ, ಅಂಚು ಪ್ರೇಕ್ಷಕರ ಕಡೆ. ಎಡಕ್ಕೆ ಊರು, ಬಲಕ್ಕೆ ಹಾದಿ. ಮುಂದೆ ಕೂತವರಿಗೆ ಬಾಗಿಲು ನಾಲ್ಕು ಬೆರಳಗಲದ ಒಂದು ಗೆರೆ ಮಾತ್ರ. ಎರಡೂ ಮಗ್ಗುಲಿನ ಹೆಂಗಸರು ಪೂರ್ತಿ ಕಾಣಬೇಕು.

ಹೇಳಿದಷ್ಟು ಸುಲಭವಾಗಲಿಲ್ಲ. ಗೋಡೆಯ ಆಸರೆಯಿಲ್ಲದೆ ಏಳಡಿ ಬಾಗಿಲು ನಿಲ್ಲುವುದಿಲ್ಲ. ಹಾನಗಲ್ಲಿನ ಬಡಿಗರು ಮಾಡಿಕೊಟ್ಟ ಮೊದಲ ಚೌಕಟ್ಟು ಎರಡನೆಯ ತಾಲೀಮಿನಲ್ಲೇ ಮಗುಚಿ, ತಂಗಿಯ ಪಾತ್ರದ ಅಂಗನವಾಡಿ ಶಿಕ್ಷಕಿಯ ಕಾಲಿನ ಪಕ್ಕದಲ್ಲಿ ಬಿತ್ತು. ಆಮೇಲೆ ಕೆಳಗೆ ಅಡ್ಡಪಟ್ಟಿ ಜೋಡಿಸಿ, ನಾಲ್ಕು ಮೂಲೆಗೂ ಉಸುಕಿನ ಚೀಲ ಹೇರಿದೆವು. ಹಲಗೆ ಪ್ಲೈವುಡ್ ಆದರೂ ಅಗಳಿ ನಿಜವಾದದ್ದೇ ಬೇಕೆಂದು ಹಟ ಹಿಡಿದೆ. ಬಿಚ್ಚಿದ ಹಳೇ ಮನೆಯೊಂದರ ಜಾಲಿ ತೊಲೆ ಸಿಕ್ಕಿತು. ಅದು ಕೊಂಡಿಗೆ ಬಿದ್ದರೆ ಸಭಾಂಗಣದ ಕೊನೆಯವರೆಗೂ ಕೇಳುತ್ತಿತ್ತು.

ಫಕೀರವ್ವನಾಗಿ ಬಂದವಳು ಮಾಸೂರಿನ ಹತ್ತಿರದ ಹಳ್ಳಿಯ ಆಶಾ ಕಾರ್ಯಕರ್ತೆ. ಬಾಣಂತಿಯರನ್ನು, ಕೂಸುಗಳನ್ನು ನೋಡಿಕೊಂಡು ಮನೆ ಮನೆ ತಿರುಗುವ ಕೆಲಸ. ರಂಗ ಹತ್ತಿದವಳೇ ಅಲ್ಲ. ಇಲಾಖೆಯ ಜಾಗೃತಿ ಬೀದಿನಾಟಕದಲ್ಲಿ ಒಮ್ಮೆ ನಿಂತಿದ್ದನ್ನು ನಾನು ನೋಡಿದ್ದೆ. ಸುಮ್ಮನೆ ನಿಲ್ಲುವುದು ಆಕೆಗೆ ಬರುತ್ತಿತ್ತು. ಅದು ಕಲಿಸಿದರೆ ಬರುವ ವಿದ್ಯೆಯಲ್ಲ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬೆಳಿಗ್ಗೆ ಹತ್ತಕ್ಕೆ ನಮ್ಮ ಶಾಲೆಯ ಹಾಲಿಗೆ ಬರುತ್ತಿದ್ದಳು. ಅಗಸಿಯ ದೃಶ್ಯದಲ್ಲಿ ಏನು ಯೋಚಿಸಬೇಕು ಎಂದು ಮಾತ್ರ ನನ್ನನ್ನು ಒಂದು ಸಲವೂ ಕೇಳಲಿಲ್ಲ. ನನಗೆ ಅದು ಆಶ್ಚರ್ಯವಾಗಿತ್ತು.

ಸುಣ್ಣದ ವಾಕ್ಯಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೇ. ಕೊನೆಗೆ ಮಾತಿಲ್ಲ. ಫಕೀರವ್ವ ಬಕೆಟ್ಟಿನಲ್ಲಿ ಸುಣ್ಣ ಕದಡಿ, ಕುಂಚ ಅದ್ದಿ, ಅಪ್ಪನ ಮನೆಯ ಗೋಡೆಗೆ ಬಳಿಯುತ್ತಾಳೆ. ಒಂದು ಪಟ್ಟೆ, ಅದರ ಪಕ್ಕ ಇನ್ನೊಂದು. ಬೆಳಕು ನಿಧಾನ ಇಳಿಯುತ್ತದೆ.

ಹಾನಗಲ್ಲಿನ ಪ್ರಯೋಗದಲ್ಲಿ ಬೆಳಕು ಇಳಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಗಿಯಿತೋ ಇಲ್ಲವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹೊರಗೆ ವಯಸ್ಸಾದ ಗೃಹಸ್ಥರೊಬ್ಬರು ನನ್ನನ್ನು ನಿಲ್ಲಿಸಿದರು. "ಆಕಿ ಛಲೋ ಹೆಂಗಸೋ ಕೆಟ್ಟ ಹೆಂಗಸೋ, ಒಂದು ಹೇಳಿ ಮನಿಗೆ ಕಳಸ್ರಿ ಬಾಯಾರ. ಹಿಂಗ ನಡುವ ಬಿಟ್ರ ನಿದ್ದಿ ಹೆಂಗ ಬರಬೇಕು?"

ನನಗೆ ಹಿಗ್ಗಾಯಿತು. ಕಾರ್ಯದರ್ಶಿಗಳಿಗೆ ಆಗಲಿಲ್ಲ. ಮರುದಿನ ಶಾಲೆಗೇ ಬಂದರು.

"ನಾ ಮೂವತ್ತು ವರ್ಷ ಕೋರ್ಟಿನಾಗ ನಿಂತೇನಿ," ಎಂದರು. "ತೀರ್ಪಿಲ್ಲದ ಕೇಸು ಅಂದ್ರ ಅನ್ಯಾಯ. ಒಂದು ಜೀವ ಹೋಗೇತಿ, ಒಂದು ಕೂಸು ಹೋಗೇತಿ. ಬಾಗಲಾ ಹಾಕಿದಾಕಿ ಆರಾಮಾಗಿ ಸುಣ್ಣಾ ಹಚ್ಚಿಕೋತ ನಿಂತಾಳ. ಸಾಲಿ ಮಕ್ಕಳು ನೋಡ್ತಾವ್ರಿ ಇದನ್ನ. ಅವಕ್ಕ ಏನ ಕಲಸಾಕತ್ತೀರಿ ನೀವು?"

"ಪುಸ್ತಕದಾಗ ಹಂಗ ಐತ್ರಿ ಸರ್."

"ಪುಸ್ತಕ ಒಬ್ಬ ಓದತಾನ, ಮನಿಯಾಗ ಕುಂತು, ಹೊಳ್ಳಿ ಹೊಳ್ಳಿ. ನಾಟಕಾ ಐದನೂರು ಮಂದಿ ಒಮ್ಮೆ ನೋಡತಾರ. ಆಕಿ ಕಡೀಕ ತಪ್ಪು ಒಪ್ಪಿಕೋಬೇಕು. ಅಷ್ಟು ಮಾಡ್ರಿ."

ಅವರ ಮಾತಿನಲ್ಲಿ ತಥ್ಯವಿಲ್ಲವೆಂದು ಹೇಳಲಾರೆ. ಪುಸ್ತಕ ಕಾಯುತ್ತದೆ, ನಾಟಕ ಕಾಯುವುದಿಲ್ಲ. ಜೊತೆಗೆ ಹಾಲ್‌ನ ಬಾಡಿಗೆ, ದೀಪ, ಗಾಡಿ ಎಲ್ಲ ಅವರದು. ಮೂರು ಪ್ರಯೋಗ ಬಾಕಿ. ಹನ್ನೊಂದು ಜನ ನಾಲ್ಕು ತಿಂಗಳ ಭಾನುವಾರಗಳನ್ನು ನನಗೆ ಕೊಟ್ಟಿದ್ದಾರೆ. ಹೀಗೆಲ್ಲ ಲೆಕ್ಕ ಹಾಕಿ ನಾನು ಒಪ್ಪಿದೆ. ತಪ್ಪೊಪ್ಪಿಗೆಯ ದೃಶ್ಯವನ್ನು ನಾನೇ ಕೂತು ಬರೆದೆ. ಬೇರೆಯವರು ಬರೆದು ತುರುಕಿದರೆಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಫಕೀರವ್ವ ಸುಣ್ಣದ ಬಕೆಟ್ಟು ಒದ್ದು, ಮನೆಯ ಆಸೆಗೆ ಬಾಗಿಲು ಹಾಕಿದೆನೆಂದು ಕೂಗಿ, ಅಗಸಿಯ ಬುಡದಲ್ಲಿ ಬೀಳುತ್ತಾಳೆ. ಕಂಪನಿ ನಾಟಕವನ್ನು ಓದಿ ನಕ್ಕವಳು ಕೊನೆಗೆ ಅದನ್ನೇ ಮಾಡಿದೆ.

ಆಶಾ ಕಾರ್ಯಕರ್ತೆ ಹಾಳೆ ಓದಿದಳು. "ಇದನ್ನ ಹೇಳಬೇಕೇನ್ರಿ?" ಎಂದಳು. "ಹೂಂ," ಎಂದೆ. ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಶಿಗ್ಗಾವಿಯಲ್ಲಿ ಆಕೆ ಅದನ್ನು ತಾಲೀಮಿಗಿಂತ ಚೆನ್ನಾಗಿ ಮಾಡಿದಳು. ಅಂಥ ಚಪ್ಪಾಳೆಯನ್ನು ನಾನು ನನ್ನ ಯಾವ ನಾಟಕಕ್ಕೂ ಕೇಳಿರಲಿಲ್ಲ. ಜನ ಎದ್ದು ನಿಂತು ತಟ್ಟಿದರು. "ಮಾಡಿದ್ದುಣ್ಣೋ ಮಾರಾಯ ಅಂದಂಗ ಆತು ನೋಡ್ರಿ, ಮನಸ್ಸಿಗೆ ಸಮಾಧಾನ ಆತು," ಎಂದು ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮರುಕ್ಷಣವೇ ಮಗಳ ಶಾಲೆಯ ಫೀಜಿನ ಮಾತು ತೆಗೆದಳು. ಕಾರ್ಯದರ್ಶಿಗಳು ನನ್ನ ಕೈ ಕುಲುಕಿದರು. ನಾನು ರಂಗದ ಹಿಂದೆ ಹೋಗಿ ಚೆಲ್ಲಿದ ಸುಣ್ಣ ಒರೆಸುತ್ತ ಕೂತೆ. ನಾಲ್ಕು ತಿಂಗಳ ಕೆಲಸವನ್ನು ಒಂದು ಹಾಳೆಯಲ್ಲಿ ಮಾರಿಕೊಂಡೆನೆಂದು ನಾಚಿಕೆಯಾಯಿತು. ಆ ಮಂದಿಯೆಲ್ಲ ಫಕೀರವ್ವನನ್ನು ಅಲ್ಲಿಯೇ ಹೂತು ಹಗುರಾಗಿ ಮನೆಗೆ ಹೊರಟಿದ್ದರು.

ಮುಂದಿನ ಭಾನುವಾರ ಆಶಾ ಕಾರ್ಯಕರ್ತೆ ಎಲ್ಲರಿಗಿಂತ ಮೊದಲು ಬಂದಳು. ಹಾಲಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಅಕ್ಕೋರ, ಆ ಕಡೀ ಮಾತು ನಾ ಇನ್ನ ಮ್ಯಾಲ ಹೇಳೂದಿಲ್ರಿ. ಬೇಕಾದ್ರ ಬ್ಯಾರೆದಾರನ್ನ ಹಾಕ್ಕೊರ್ರಿ," ಎಂದಳು.

"ಯಾಕ?" ಎಂದೆ.

ಆಕೆ ಹೇಳತೊಡಗಿದಳು. "ಮೊದಲ ಸಲ ಕೊರೋನಾ ಬಂದಾಗ ನಮ್ಮ ಭಾವ ಗೋವಾದಿಂದ ಹೆಂಡ್ತಿ ಮಕ್ಕಳನ್ನ ಕರಕೊಂಡು ಬಂದ್ರಿ. ನಮ್ಮ ಮನಿಯವರ ಅಣ್ಣ. ಹೊರಗಿಂದ ಬಂದವರು ಹದಿನಾಲ್ಕು ದಿನ ಊರ ಹೊರಗಿನ ಸಾಲಿಯೊಳಗ ಇರಬೇಕಂತ ರೂಲ್ಸ್ ಇತ್ತು. ಇಟ್ಟೆ. ಒಂಬತ್ತನೇ ದಿನಕ್ಕ ಮನಿಯಾಗ ನಮ್ಮ ಅತ್ತಿ ತೀರಿಕೊಂಡ್ರು. ಭಾವ ಸಾಲಿ ಗೇಟಿಗೆ ಬಂದು ನಿಂತ್ರು. ‘ಅವ್ವನ ಮಾರಿ ಒಮ್ಮೆ ನೋಡ್ತೇನಿ, ದೂರ ನಿಂತು ನೋಡ್ತೇನಿ, ಬಿಡವಾ’ ಅಂತ ಕೈ ಮುಗದ್ರು. ಅವತ್ತ ಪೊಲೀಸರೂ ಇರಲಿಲ್ಲ, ಪಂಚಾಯ್ತಿಯವರೂ ಇರಲಿಲ್ಲ. ಕೀಲಿ ನನ್ನ ಕೈಯಾಗ ಇತ್ರಿ. ಬಿಡಲಿಲ್ಲ."

"ರೂಲ್ಸ್ ಇತ್ತಲ್ಲ," ಎಂದೆ.

"ಇತ್ತು ಖರೇರಿ. ಆದ್ರ ಇನ್ನೊಂದು ಐತಿ. ನಾ ಈ ಕೆಲಸಕ್ಕ ಸೇರೂ ಮುಂದ ಭಾವ ಓಣಿಯಾಗ ನಿಂತು, ‘ಮನಿ ಮನಿ ತಿರಗೂ ಹೆಂಗಸು ನಮ್ಮ ಮನಿಗೆ ಬ್ಯಾಡ’ ಅಂದಿದ್ರು. ಗೇಟಿನ ಮುಂದ ನಿಂತಾಗ ಆ ಮಾತು ನೆನಪಾತು. ಸರಿಯಾಗಿ ಅದ ಹೊತ್ತಿನ್ಯಾಗ ನೆನಪಾತ್ರಿ. ನೆನಪಾಗದಿದ್ರ ಬಿಡತಿದ್ನೋ ಏನೋ. ಊರಿಗಂತ ಕೀಲಿ ಹಾಕಿದ್ನೋ, ಆ ಮಾತಿಗಂತ ಹಾಕಿದ್ನೋ, ಇವತ್ತಿಗೂ ನನಗ ಗೊತ್ತಿಲ್ಲ. ಆಮ್ಯಾಲ ಅವರಿಗೆ ರೋಗ ಇಲ್ಲಂತ ರಿಪೋರ್ಟ್ ಬಂತು. ಊರಾಗೂ ಯಾರಿಗೂ ಬರಲಿಲ್ಲ. ಅವರು ನನ್ನ ಕೂಡ ಮಾತು ಬಿಟ್ಟು ಇಷ್ಟ ವರ್ಷ ಆತು."

ಆಕೆ ನನ್ನ ಕಡೆ ತಿರುಗಿದಳು.

"ಶಿಗ್ಗಾವ್ಯಾಗ ನಾ ‘ಮನೀ ಆಸೆಗೆ ಬಾಗಲಾ ಹಾಕಿದೆ’ ಅಂದ ಕೂಡ್ಲೆ ಜನ ಚಪ್ಪಾಳಿ ಹೊಡದ್ರು. ನನಗ ಗೊತ್ತಿಲ್ಲದ್ದು ಆಕಿಗೆ ಹೆಂಗ ಗೊತ್ತಾತ್ರಿ ಅಕ್ಕೋರ?"

ಮೂರು ಕಾಲಮಿನ ನನ್ನ ನೋಟುಪುಸ್ತಕ ತುಂಬ ಬರೆದದ್ದಕ್ಕಿಂತ ಈ ಒಂದು ಪ್ರಶ್ನೆ ಕಾದಂಬರಿಗೆ ಹತ್ತಿರವಿತ್ತು. ಲೇಖಕರು ಫಕೀರವ್ವನ ಮನಸ್ಸಿನೊಳಗೆ ಹೋಗದೆ ಸುಣ್ಣದ ಬಳಿ ನಿಂತದ್ದು ಜಾಣತನಕ್ಕೆ ಅಂತ ನಾನು ತಿಳಿದಿದ್ದೆ. ಒಳಗೆ ಹೋದರೂ ಅಲ್ಲಿ ಉತ್ತರ ಇರಲಿಲ್ಲ. ಉತ್ತರ ಇದ್ದಂತೆ ಬರೆದವಳು ನಾನು.

ಅಂದೇ ಮಧ್ಯಾಹ್ನ ಕಾರ್ಯದರ್ಶಿಗಳಿಗೆ ಪತ್ರ ಬರೆದು ಹುಡುಗನೊಬ್ಬನ ಕೈಯಲ್ಲಿ ಕಳಿಸಿದೆ. ಮೂರೇ ವಾಕ್ಯ: ಕೊನೆಯ ದೃಶ್ಯವನ್ನು ತೆಗೆದಿದ್ದೇನೆ. ಮತ್ತೆ ಸೇರಿಸುವುದಿಲ್ಲ. ಇದಕ್ಕೆ ನಾನೊಬ್ಬಳೇ ಹೊಣೆ.

ಸಂಜೆಯೇ ಫೋನು ಬಂತು. "ಶಿಗ್ಗಾವ್ಯಾಗ ಜನ ಎದ್ದು ನಿಂತದ್ದು ನೋಡಿದ್ರಿಲ್ಲೋ?"

"ನೋಡಿದೆ ಸರ್. ಅದಕ್ಕ ತಗದೆ."

"ಏನ್ ಮಾತರಿ ಇದು? ಹಂಗಾರ ಸವಣೂರಾಗ ಹಾಲ್ ಇಲ್ಲ, ಲೈಟಿಲ್ಲ, ಗಾಡಿ ಇಲ್ಲ. ನಮ್ಮ ಅಪ್ಪನ ಹೆಸರು ಅದರ ಮ್ಯಾಲ ಇರೂದು ಬ್ಯಾಡ."

"ಆತ್ರಿ. ಬೋರ್ಡು ತಗಸ್ತೇನಿ."

ಎರಡು ದಿನದಲ್ಲಿ ಮುಖ್ಯೋಪಾಧ್ಯಾಯರು ಕರೆದು, "ನಿಮ್ಮ ನಾಟಕದ್ದು ಏನೋ ಗದ್ಲಂತಲ್ರಿ ಮೇಡಂ? ಸಾಲಿ ಹೆಸರು ಬರದಂಗ ನೋಡಕೊರ್ರಿ," ಎಂದರು. ಶಾಲೆಯ ಹಾಲಿನ ಕೀಲಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಉಳಿದ ತಾಲೀಮು ಬಡಿಗರ ಅಡ್ಡೆಯ ಹಿಂದಿನ ಬಯಲಿನಲ್ಲಿ, ಬಿಸಿಲಲ್ಲಿ ನಡೆಯಿತು. ತಂಡದಲ್ಲಿ ಇಬ್ಬರು ಬಿಟ್ಟು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೌಕರಿ ಯಾರಿಗೆ ಬೇಡ? ಹಿರಿಯರ ಪಾತ್ರ ಐದರಿಂದ ಮೂರಕ್ಕೆ ಇಳಿಸಿದೆ.

ಸವಣೂರಿನಲ್ಲಿ ಪೇಟಿ ಮಾಸ್ತರರೇ ಜಾಗ ಮಾಡಿದರು. ಅವರ ಸಂಬಂಧಿಕರ ಶಾದಿಮಹಲಿನ ಅಂಗಳ, ಮಧ್ಯಾಹ್ನ ಮೂರು ಗಂಟೆ. "ನಾನೂ ಪೇಟಿ ತರ್ತೇನಿ," ಎಂದರು. ಆದರೆ ದೀಪಗಳಿಲ್ಲ. ಬೆಳಕು ಇಳಿಸಿ ಮುಗಿಸುತ್ತಿದ್ದ ನಾಟಕವನ್ನು ಹಗಲಿನಲ್ಲಿ ಮುಗಿಸುವುದು ಹೇಗೆ? ಪರದೆಯೂ ಇಲ್ಲ. ಫಕೀರವ್ವ ಕುಂಚ ಕೆಳಗಿಟ್ಟು ಒಳಗೆ ಹೋದರೆ ಅದೇ ಒಂದು ತೀರ್ಪಾಗುತ್ತದೆ, ಕೆಲಸ ಮುಗಿಸಿ ನೆಮ್ಮದಿಯಿಂದ ಹೋದಳು ಎಂದು. ತಿರುಗಿ ಜನರನ್ನು ನೋಡಿದರೆ ಅದು ಇನ್ನೊಂದು ತೀರ್ಪು. ಅಂಗಳದಲ್ಲಿ ಚೌಕಟ್ಟಿಗೆ ಉಸುಕಿನ ಚೀಲ ಹೇರುತ್ತ ಹೇರುತ್ತ ನಾವು ಎಲ್ಲ ಥರ ಮಾಡಿ ನೋಡಿದೆವು. ಒಂದೂ ಸರಿಹೋಗಲಿಲ್ಲ.

ಕಡೆಗೆ ನಾನೆಂದೆ, "ನಿಲ್ಲಿಸಬ್ಯಾಡ. ಹಚ್ಚಕೋತ ಇರು. ಜನ ಎದ್ದು ಹೋಗೂ ತನಕ ಹಚ್ಚು."

"ಹೋಗದಿದ್ರ?"

"ಹೋಗದಿದ್ರ ಗ್ವಾಡಿ ಮುಗೀಲಿ. ಮುಗದ ಮ್ಯಾಲ ಎರಡನೇ ಕೈ ಹಚ್ಚು."

ಪುಸ್ತಕವನ್ನು ಮುಚ್ಚುವವನು ಓದುಗ. ನಾಟಕವನ್ನೂ ನೋಡುಗರೇ ಮುಚ್ಚಲಿ ಎನ್ನಿಸಿತು. ದೀಪ ಕಿತ್ತುಕೊಂಡ ಕಾರ್ಯದರ್ಶಿಗಳಿಗೆ ಆ ಮಟ್ಟಿಗೆ ನಾನು ಋಣಿ.

ಅಂಗಳ ತುಂಬಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂತಿದ್ದರು. ಅಗಸಿಯ ದೃಶ್ಯದವರೆಗೆ ಪೇಟಿ ಮಾಸ್ತರರು ಸಣ್ಣಗೆ ಒಂದೇ ಸ್ವರ ಹಿಡಿದಿದ್ದರು. ಫಕೀರವ್ವನ ಕೈ ಅಗಳಿಗೆ ಹೋದಾಗ ಅದನ್ನೂ ಬಿಟ್ಟರು. ಜಾಲಿ ತೊಲೆ ಕೊಂಡಿಗೆ ಬಿತ್ತು. ಒಬ್ಬರೂ ಕೆಮ್ಮಲಿಲ್ಲ. ಸುಣ್ಣ ಶುರುವಾಯಿತು. ಮೊದಲ ಪಟ್ಟೆಗಳನ್ನು ಜನ ಸುಮ್ಮನೆ ನೋಡಿದರು. ಆಮೇಲೆ ಒಬ್ಬ ಅಜ್ಜಿ ಪಕ್ಕದವಳಿಗೆ, "ಪಾಪ ಕಟ್ಟಕೊಂಡ್ಲು," ಎಂದಳು. ಪಕ್ಕದವಳು, "ನೀ ಆಗಿದ್ರ ತಗೀತಿದ್ದೇನ? ನಿನ್ನ ಮೊಮ್ಮಕ್ಕಳು ಒಳಗ ಇದ್ರ?" ಎಂದಳು. ಹಿಂದಿನಿಂದ ಒಬ್ಬ, "ಹಂಗಾದ್ರ ಮನಿ ಯಾಕ ಬೇಕಾತ್ರಿ ಆಕಿಗೆ?" ಎಂದು ಕೂಗಿದ. ಮಾತು ಅಂಗಳವಿಡೀ ಹಬ್ಬಿತು. ಫಕೀರವ್ವ ಯಾರ ಕಡೆಗೂ ತಿರುಗದೆ ಬಳಿಯುತ್ತಲೇ ಇದ್ದಳು. ಸಂಜೆಯ ಅಸರ್ ನಮಾಜಿನ ಕರೆ ಕೇಳಿದ ಮೇಲೆ ಒಬ್ಬೊಬ್ಬರೇ ಎದ್ದರು. ಜಗಳವಾಡುತ್ತಲೇ ಹೋದರು.

ಪೇಟಿ ಮಾಸ್ತರರು ಪೇಟಿಯ ಮುಚ್ಚಳ ಹಾಕುತ್ತ, "ಬೆನ್ನ ಮಾಡಿ ನಿಂತ ನಮ್ಮ ಬಾಯಿ ಇರಬೇಕಿತ್ತುರಿ ಇವತ್ತ," ಎಂದರು.

ಹಿರೇಕೆರೂರಿನ ಪ್ರಯೋಗವನ್ನೂ ಹಗಲಿನಲ್ಲೇ ಮಾಡುವುದೆಂದು ಈ ಸಲ ನಾವೇ ತೀರ್ಮಾನಿಸಿದೆವು. ಕಾಲೇಜೊಂದರವರು ಬಯಲು ಕಟ್ಟೆ ಬಿಟ್ಟುಕೊಟ್ಟರು. ಭಾನುವಾರ ಬೆಳಿಗ್ಗೆ. ಸುತ್ತಲಿನ ಹಳ್ಳಿಗಳಿಂದ ಆಶಾ ಕಾರ್ಯಕರ್ತೆಯರೇ ಒಂದು ಗುಂಪು ಬಂದಿದ್ದರು. ಹಿಂದಿನ ಸಾಲಿನಲ್ಲಿ ಕಾರ್ಯದರ್ಶಿಗಳೂ ಕೂತಿದ್ದರು. ಕರೆದಿರಲಿಲ್ಲ, ಬಂದಿದ್ದರು. ಅವರ ಛಲಕ್ಕೂ ಒಂದು ಮರ್ಯಾದೆ ಸಲ್ಲಬೇಕು.

ನಾಟಕ ಅರ್ಧವಾದಾಗ ತಂಗಿಯ ಪಾತ್ರದ ಅಂಗನವಾಡಿ ಶಿಕ್ಷಕಿ ಕಟ್ಟೆಯ ಮಗ್ಗುಲಿಗೆ ಬಂದು ನನ್ನ ಕಿವಿಯಲ್ಲಿ, "ಬೇವಿನ ಗಿಡದ ಬುಡಕ ನಿಂತಾರಲ್ರಿ ಬಿಳೇ ಅಂಗಿ, ನಮ್ಮ ಫಕೀರವ್ವನ ಭಾವ," ಎಂದಳು. ಐವತ್ತರ ಆಸುಪಾಸಿನ ಮನುಷ್ಯ. ಕೂರಲು ಜಾಗವಿದ್ದರೂ ನಿಂತಿದ್ದರು. ಫಕೀರವ್ವನಿಗೆ ಅವರು ಬಂದದ್ದು ಗೊತ್ತೇ ಎಂದು ಕೇಳಿದೆ. "ಆಕೀನ ತೋರಿಸಿದ್ಲು," ಎಂದಳು.

ಫಕೀರವ್ವ ಅಗಳಿ ಎತ್ತುವಾಗ ಒಂದು ಗಳಿಗೆ ತಡೆದಳು. ಅಷ್ಟು ಹೊತ್ತು ನಿಲ್ಲಲು ನಾನು ಹೇಳಿಕೊಟ್ಟಿರಲಿಲ್ಲ. "ಹೊಳ್ಳಿ ಹೋಗು," ಎಂದು ಹಾಕಿದಳು.

ಸುಣ್ಣದ ದೃಶ್ಯ ಬಂತು. ಸವಣೂರಿನಂತೆಯೇ ಮೊದಲು ಮೌನ, ಆಮೇಲೆ ಗುಜುಗುಜು. ಆಗ ಬೇವಿನ ಗಿಡದ ಕೆಳಗಿನಿಂದ ಅವರು ನಡೆದು ಬಂದರು, ಜನರ ನಡುವೆ ಹಾದು, ನೇರ ಕಟ್ಟೆಯ ಮುಂದಕ್ಕೆ. ಬಡಿಗರು ಏಳಲು ಹೋದರು, ನಾನು ಕೈ ಹಿಡಿದು ಕೂರಿಸಿದೆ.

"ಆ ಕೂಸು ಏನಾತು?" ಎಂದು ಆತ ಕೇಳಿದರು. ದನಿ ದೊಡ್ಡದಾಗಿರಲಿಲ್ಲ.

ಕುಂಚ ನಿಂತಿತು. ಫಕೀರವ್ವ ತಿರುಗಿದಳು. ನಾಟಕದಲ್ಲಿ ಆಕೆ ತಿರುಗುವುದಿಲ್ಲ, ಮಾತಾಡುವುದಿಲ್ಲ. "ನನಗೂ ಗೊತ್ತಿಲ್ರಿ," ಎಂದಳು.

"ನೀ ಬಾಗಲಾ ಹಾಕಿದ್ದು ಸರಿ ಇರಬಹುದು," ಎಂದರು ಆತ. "ನಾ ಮಾತ್ರ ಮರಿಯಾಂವಲ್ಲ."

"ಮರೀಬ್ಯಾಡ್ರಿ," ಎಂದಳು ಆಕೆ.

ಆತ ಟೋಪಿ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಹೋದರು. ಆಕೆ ಗೋಡೆಯ ಕಡೆ ತಿರುಗಿ ಕುಂಚ ಅದ್ದಿದಳು. ಬಹಳಷ್ಟು ಜನ ಅದನ್ನೂ ನಾಟಕವೆಂದೇ ತಿಳಿದರು. ಗೊತ್ತಿದ್ದ ಆಶಾ ಕಾರ್ಯಕರ್ತೆಯರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಅವರಲ್ಲಿ ಎಷ್ಟು ಜನರ ಕೈಯಲ್ಲಿ ಆ ವರ್ಷ ಯಾವ ಯಾವ ಕೀಲಿಗಳಿದ್ದವೋ.

ಬಯಲು ಖಾಲಿಯಾಗಲು ಬಹಳ ಹೊತ್ತು ಹಿಡಿಯಿತು. ಚೌಕಟ್ಟು ಬಿಚ್ಚುತ್ತಿದ್ದಾಗ ಕಾರ್ಯದರ್ಶಿಗಳು ಬಳಿಗೆ ಬಂದರು. ಬೇವಿನ ಗಿಡದವರು ಯಾರೆಂದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಸಿಟ್ಟಿರಲಿಲ್ಲ, ಆದರೆ ಪಟ್ಟು ಬಿಟ್ಟಿರಲಿಲ್ಲ.

"ನೋಡಿದ್ರಿಲ್ಲ ಮೇಡಂ," ಎಂದರು. "ಅಷ್ಟು ದೂರಿಂದ ಬಂದು ಎದುರಿಗೆ ನಿಂತಿದ್ದ. ತಪ್ಪಾತು ಅಂತ ಒಂದು ಮಾತು ಆಕಿ ಅಂದಿದ್ರ ಅಲ್ಲೇ ಮುಗೀತಿತ್ತು."

"ಹೌದ್ರಿ ಸರ್," ಎಂದೆ. "ಮುಗೀತಿತ್ತು. ಅದಕ್ಕ ಬರದದ್ದನ್ನ ತಗದು ಹಾಕಿದೆ."